ಬಾಗಿಲಾಚೆ ನಿಂತ ಹಾಡು

ನಾನು ಕನ್ನಡದ ಮೇಷ್ಟರು. ದಿನಕ್ಕೆ ಮೂರು ಗಂಟೆ ಪಂಪ ರನ್ನರ ಸಹವಾಸದಲ್ಲಿರುವವನಿಗೆ ಅಮೆರಿಕದ ರಾಕ್ ಸಂಗೀತದ ಗೊಡವೆ ಏಕೆಂದು ಓದುಗರು ಕೇಳಿದರೆ ತಪ್ಪಲ್ಲ. ಆ ಗೊಡವೆಯನ್ನು ನಾನಾಗಿ ತಂದುಕೊಂಡವನಲ್ಲ. ಮನೆಗೆ ತಂದವನು ನನ್ನ ಅಣ್ಣನ ಮಗ. ಹಳೆಯ ಲಾಂಗ್ ಪ್ಲೇ ತಟ್ಟೆಗಳನ್ನು ಕೊಳ್ಳುವ ಹುಚ್ಚು ಈಚೆಗೆ ಹುಡುಗರಿಗೆ ಮತ್ತೆ ಹಿಡಿದಿದೆಯಷ್ಟೆ. ಕೈಯಲ್ಲಿರುವ ಫೋನಿನಲ್ಲಿ ಜಗತ್ತಿನ ಸಂಗೀತವೆಲ್ಲ ಕೇಳಸಿಗುವಾಗ, ಮುಟ್ಟಿದರೆ ಗೀರು ಬೀಳುವ ಈ ಕರಿಯ ತಟ್ಟೆಗೆ ಸಾವಿರಾರು ರೂಪಾಯಿ ಸುರಿಯುವುದು ಯಾವ ಅರ್ಥಶಾಸ್ತ್ರವೋ ನನಗೆ ತಿಳಿಯದು. ಅವನು ತನ್ನ ಮೊದಲ ಸಂಬಳದಲ್ಲಿ ಒಂದು ಯಂತ್ರವನ್ನೂ ಏಳೆಂಟು ತಟ್ಟೆಗಳನ್ನೂ ಕೊಂಡು ತಂದು, ನಡುಮನೆಯಲ್ಲಿ ದೇವರ ಪಟಕ್ಕಿಂತ ಎದ್ದು ಕಾಣುವ ಜಾಗದಲ್ಲಿ ಪ್ರತಿಷ್ಠಾಪಿಸಿದ್ದಾನೆ.

ಕಳೆದ ದಸರೆಯ ರಜದಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಊಟವಾಗಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದೆವು. ಅಣ್ಣ ಕಿಟಕಿಯ ಬಳಿ ಬೆಳಗಿನ ಪತ್ರಿಕೆಯನ್ನು ಎರಡನೆಯ ಸಲ ಓದುತ್ತಿದ್ದ. ಹುಡುಗ ಒಂದು ತಟ್ಟೆಯನ್ನು ಹಸುಗೂಸಿನಂತೆ ಎರಡು ಅಂಗೈಯಲ್ಲಿ ಎತ್ತಿ ತಂದು ಯಂತ್ರದ ಮೇಲಿಟ್ಟ. 'ಡೋರ್ಸ್' ಎಂಬ ತಂಡದ ಮೊದಲ ಧ್ವನಿಮುದ್ರಿಕೆ. ಡೋರ್ಸ್ ಎಂದರೆ ಬಾಗಿಲುಗಳು. ಹೆಸರು ಬಂದದ್ದು ಆಲ್ಡಸ್ ಹಕ್ಸ್‌ಲಿಯ ಒಂದು ಪುಸ್ತಕದಿಂದ. ಹಕ್ಸ್‌ಲಿಗೆ ಬಂದದ್ದು ಕವಿ ಬ್ಲೇಕನಿಂದ. ಇಷ್ಟು ಸಾಹಿತ್ಯದ ನಂಟು ಸಿಕ್ಕಿದ್ದೇ ತಡ, ನಾನು ಸ್ವಲ್ಪ ನೆಟ್ಟಗೆ ಕೂತೆ.

"ಚಿಕ್ಕಪ್ಪ, ಈ ತಂಡ ಹುಟ್ಟಿದ್ದೇ ಒಂದು ಹಾಡಿನಿಂದ. ಆದರೆ ಆ ಹಾಡು ಈ ತಟ್ಟೆಯಲ್ಲೇ ಇಲ್ಲ."

"ಏಕಿಲ್ಲ?"

"ಬಿಟ್ಟರು, ಅಷ್ಟೆ."

ಹುಡುಗ ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಬಿಡುವುದೆಂಬುದು ಕೂದಲು ಕತ್ತರಿಸಿದಂತೆ ನೋವಿಲ್ಲದ ಕೆಲಸವೆನ್ನಬೇಕು. ಕಿಟಕಿಯ ಬಳಿ ಪತ್ರಿಕೆ ಒಂದು ಕ್ಷಣ ಕೆಳಗಿಳಿಯಿತು, ಮತ್ತೆ ಮೇಲೇರಿತು. ಅದನ್ನು ನಾನು ಗಮನಿಸಿದೆ. ಏಕೆ ಗಮನಿಸಿದೆನೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಹಾಡಿನ ಕಥೆ.

ಅದು 1965ರ ಬೇಸಗೆ. ಲಾಸ್ ಏಂಜಲೀಸ್ ನಗರದ ಅಂಚಿನಲ್ಲಿ ವೆನಿಸ್ ಎಂಬ ಕಡಲತೀರ. ಇಟಲಿಯ ವೆನಿಸ್ ಅಲ್ಲ. ಹೆಸರನ್ನಷ್ಟೆ ಸಾಲ ಪಡೆದದ್ದು. ಅಲ್ಲಿ ಇಬ್ಬರು ಹುಡುಗರು ಆಕಸ್ಮಿಕವಾಗಿ ಎದುರಾದರು. ಇಬ್ಬರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಚಲನಚಿತ್ರದ ವ್ಯಾಸಂಗ ಮಾಡಿದವರು. ಮುಂದೇನೆಂಬುದು ಇಬ್ಬರಿಗೂ ತಿಳಿಯದು. ಒಬ್ಬ ರೇ ಮಂಜಾರೆಕ್, ಪಿಯಾನೋ ಬಲ್ಲವನು. ಇನ್ನೊಬ್ಬ ಜಿಮ್ ಮಾರಿಸನ್. ಯಾವ ವಾದ್ಯವನ್ನೂ ಬಲ್ಲವನಲ್ಲ, ಆದರೆ ಪದ್ಯ ಬರೆಯುತ್ತಿದ್ದ. ಏನು ಮಾಡುತ್ತಿದ್ದೀಯೆ ಎಂದು ಕೇಳಿದ್ದಕ್ಕೆ, ಹಾಡು ಬರೆಯುತ್ತಿದ್ದೇನೆ ಎಂದ. ಒಂದನ್ನು ಹಾಡು ಎಂದರೆ ಸಂಕೋಚಪಟ್ಟ. ಬಲವಂತ ಮಾಡಿದ ಮೇಲೆ ಮರಳಿನ ಮೇಲೆ ಕೂತು, ಕಣ್ಣು ಮುಚ್ಚಿ ಒಂದು ಹಾಡು ಹಾಡಿದ. ಅದೇ 'ಮೂನ್‌ಲೈಟ್ ಡ್ರೈವ್'. ನಮ್ಮ ಮಾತಿನಲ್ಲಿ ಬೆಳದಿಂಗಳ ವಿಹಾರ ಎನ್ನಬಹುದು. ಕೇಳಿದ ಮಂಜಾರೆಕ್ ಆ ಗಳಿಗೆಯಲ್ಲೇ ತಂಡ ಕಟ್ಟೋಣವೆಂದ. ಈ ಪ್ರಸಂಗವನ್ನು ಅವನು 2013ರಲ್ಲಿ ತೀರಿಕೊಳ್ಳುವವರೆಗೆ ಕೇಳಿದವರಿಗೆಲ್ಲ ಬೇಸರವಿಲ್ಲದೆ ಹೇಳುತ್ತಿದ್ದ. ಮದುವೆಯಾಗಿ ಐವತ್ತು ವರ್ಷವಾದವರು ಹೆಣ್ಣು ನೋಡಲು ಹೋದ ದಿನದ ಕಥೆ ಹೇಳುವುದಿಲ್ಲವೆ, ಹಾಗೆ.

ಹಾಡು ಮಾಡಿದ ಉಪಕಾರ ಅಷ್ಟಕ್ಕೇ ನಿಲ್ಲಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ಮಾದರಿಗೆಂದು ಆರು ಹಾಡುಗಳ ಒಂದು ತಟ್ಟೆ ಮಾಡಿಸಿದರು. ಅದರಲ್ಲಿ ಇದೂ ಇತ್ತು. ಮಾಡಿಸಿದ ಸ್ಥಳ ವರ್ಲ್ಡ್ ಪೆಸಿಫಿಕ್ ಸ್ಟುಡಿಯೋ. ನಮ್ಮ ರವಿಶಂಕರರ ಸಿತಾರ್ ತಟ್ಟೆಗಳನ್ನು ಅಮೆರಿಕದಲ್ಲಿ ಹೊರತಂದ ಸಂಸ್ಥೆಯೂ ಅದೇ. ಬಳಿಕ ಗಿಟಾರಿನ ರಾಬಿ ಕ್ರೀಗರ್ ಬಂದ. ಬಾಟಲಿಯ ಕತ್ತಿನಂಥ ಒಂದು ಕೊಳವೆಯನ್ನು ಬೆರಳಿಗೆ ತೊಟ್ಟು, ತಂತಿಯ ಮೇಲೆ ಜಾರಿಸಿ ನುಡಿಸುವ ಬಗೆಯೊಂದುಂಟು. ನಮ್ಮವರ ಗಮಕಕ್ಕೆ ದೂರದ ದಾಯಾದಿ ಎನ್ನಬಹುದು. ಕ್ರೀಗರ್ ಮೊದಮೊದಲ ಅಭ್ಯಾಸದಲ್ಲೇ ಈ ಹಾಡಿಗೆ ಹಾಗೆ ನುಡಿಸಿದ, ಮಾರಿಸನ್ ಮರುಳಾದ. ಅಂತೂ ಪಿಯಾನೋದವನನ್ನು ಕರೆತಂದದ್ದೂ ಈ ಹಾಡು, ಗಿಟಾರಿನವನನ್ನು ಒಳಗೆ ಕೂರಿಸಿದ್ದೂ ಈ ಹಾಡು. ಡೋಲು ಬಾರಿಸುವ ಜಾನ್ ಡೆನ್ಸ್‌ಮೋರ್ ಮತ್ತು ಕ್ರೀಗರರ ಪರಿಚಯ ಮಂಜಾರೆಕನಿಗೆ ಆದದ್ದು ಮಹರ್ಷಿ ಮಹೇಶ ಯೋಗಿಯವರ ಧ್ಯಾನದ ತರಗತಿಯ ಮೂಲಕ ಎಂಬುದನ್ನು ಓದಿದಾಗ ನನಗೆ ನಗು ಬಂತು. ಮನಸ್ಸನ್ನು ನಿಶ್ಶಬ್ದ ಮಾಡಲು ಹೋದವರು ಎಷ್ಟು ಗದ್ದಲ ಮಾಡಿದರು!

ಹಲವು ತಿಂಗಳು ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿದ ಮೇಲೆ 1966ರ ಆಗಸ್ಟಿನಲ್ಲಿ ಎಲೆಕ್ಟ್ರಾ ಎಂಬ ಸಂಸ್ಥೆ ಅವರನ್ನು ಕರೆಯಿತು. ಪಾಲ್ ರಾಥ್‌ಚೈಲ್ಡ್ ಎಂಬಾತ ನಿರ್ಮಾಪಕ. ಹಾಲಿವುಡ್ಡಿನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ, ಧ್ವನಿಯನ್ನು ನಾಲ್ಕೇ ಸಾಲುಗಳಲ್ಲಿ ಹಿಡಿಯಬಲ್ಲ ಯಂತ್ರದ ಮುಂದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಯಿತು. 'ಮೂನ್‌ಲೈಟ್ ಡ್ರೈವ್' ಹಾಡನ್ನೂ ಆಗ ಮುದ್ರಿಸಿದರು; ಒಂದಲ್ಲ, ಎರಡು ರೀತಿಯಲ್ಲಿ. 1967ರ ಜನವರಿ 4ರಂದು ತಟ್ಟೆ ಹೊರಬಂದಾಗ ಅದರಲ್ಲಿ ಹನ್ನೊಂದು ಹಾಡುಗಳಿದ್ದವು. ಇದು ಇರಲಿಲ್ಲ.

ಇದಿಷ್ಟೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಹನ್ನೊಂದರಲ್ಲಿ ಎರಡು ಹಾಡುಗಳು ಅವರವೇ ಅಲ್ಲ. ಒಂದು ಬರ್ಟೋಲ್ಟ್ ಬ್ರೆಕ್ಟನ ಮಾತಿಗೆ ಕುರ್ಟ್ ವೈಲ್ ರಾಗ ಹಾಕಿದ್ದು; ಇನ್ನೊಂದು ವಿಲಿ ಡಿಕ್ಸನ್ ಎಂಬ ಕರಿಯ ಕವಿಗಾಯಕನದು. ನೆಂಟರಿಬ್ಬರನ್ನು ಕರೆದು ಮಣೆ ಹಾಕಿ, ಹೆತ್ತ ಮಗುವನ್ನು ಹಿತ್ತಿಲಲ್ಲಿ ನಿಲ್ಲಿಸಿದಂತಾಗಲಿಲ್ಲವೆ? ಚೊಚ್ಚಲ ಕೂಸಿಗೇ ಚೊಚ್ಚಲ ತಟ್ಟೆಯಲ್ಲಿ ಜಾಗವಿಲ್ಲ. ಇದು ಕೃತಘ್ನತೆಯೋ ವಿವೇಕವೋ? ರಜ ಮುಗಿದು ಊರಿಗೆ ಮರಳಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತಾಗಲೂ ಅದೇ ಯೋಚನೆ. ಒಂದಿಬ್ಬರು ವಿದ್ಯಾರ್ಥಿಗಳಿಗೆ ಇದರಿಂದ ನಾಲ್ಕಾರು ಅಂಕ ಲಾಭವಾಗಿದ್ದರೂ ಆಗಿರಬಹುದು.

ಹಾಡನ್ನು ಬಿಡಲು ಕಾರಣಗಳು ಹಲವಿರುತ್ತವೆ. ಕೆಲವಕ್ಕೆ ನೀತಿಯ ಸೋಂಕೇ ಇಲ್ಲ. ತಟ್ಟೆಯ ಒಂದು ಮುಖದಲ್ಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕಿಂತ ಹೆಚ್ಚು ತುಂಬಿದರೆ ಗೀರುಗಳು ಒತ್ತಾಗಿ ಧ್ವನಿ ಬಡವಾಗುತ್ತದೆ. ಡೋರ್ಸ್ ತಂಡದ ಮೊದಲ ತಟ್ಟೆಯಲ್ಲಿ 'ದಿ ಎಂಡ್' ಎಂಬ ಹಾಡೊಂದೇ ಹನ್ನೊಂದು ನಿಮಿಷಕ್ಕೆ ಮೇಲೆ. 'ಲೈಟ್ ಮೈ ಫೈರ್' ಏಳು ನಿಮಿಷದಷ್ಟು. ದೊಡ್ಡ ಹೊಟ್ಟೆಯ ಅತಿಥಿಗಳಿಬ್ಬರು ಪಂಕ್ತಿಯಲ್ಲಿ ಕೂತರೆ ಯಾರಿಗಾದರೂ ಎಲೆ ತಪ್ಪಲೇಬೇಕು.

ಇನ್ನು ಕೆಲವು ಕಡೆ ಬಿಡುವುದೇ ಸೌಜನ್ಯ. ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಒಂದು ಪದ್ಧತಿಯಿತ್ತು. ಬಿಡಿ ಹಾಡಿನ ಸಣ್ಣ ತಟ್ಟೆಯಾಗಿ ಆಗಲೇ ಮಾರಿದ್ದನ್ನು ದೊಡ್ಡ ತಟ್ಟೆಯಲ್ಲಿ ಮತ್ತೆ ಸೇರಿಸುತ್ತಿದ್ದುದು ಕಡಿಮೆ. ಕೊಂಡವನು ಒಂದೇ ಸರಕಿಗೆ ಎರಡು ಸಲ ಕಾಸು ತೆರಬಾರದು. 1967ರಲ್ಲಿ ಪಿಂಕ್ ಫ್ಲಾಯ್ಡ್ ತಂಡಕ್ಕೆ ಹೆಸರು ತಂದ ಎರಡು ಬಿಡಿ ಹಾಡುಗಳು, 'ಆರ್ನಲ್ಡ್ ಲೇನ್' ಮತ್ತು 'ಸೀ ಎಮಿಲಿ ಪ್ಲೇ', ಅದೇ ವರ್ಷ ಅವರ ದೇಶದಲ್ಲಿ ಹೊರಬಂದ ಮೊದಲ ದೊಡ್ಡ ತಟ್ಟೆಯಲ್ಲಿ ಇರಲಿಲ್ಲ. ಅಮೆರಿಕದವರು ಮಾತ್ರ ಎರಡನೆಯದನ್ನು ತಮ್ಮ ಆವೃತ್ತಿಗೆ ಸೇರಿಸಿಕೊಂಡರು. ವ್ಯಾಪಾರದಲ್ಲಿ ಇಂಥ ಮರ್ಯಾದೆ ಒಂದು ಕಾಲಕ್ಕೆ ಇತ್ತೆಂಬುದೇ ಸಂತೋಷ. ಒಂದೇ ಲೇಖನವನ್ನು ಮೂರು ಅಭಿನಂದನ ಗ್ರಂಥಗಳಿಗೆ ಕೊಡುವ ನಮ್ಮ ಕೆಲವು ವಿದ್ವಾಂಸರು ಇದನ್ನು ಗಮನಿಸಬಹುದು.

ಇವೆಲ್ಲ ಸರಳ. ಕಷ್ಟ ಬರುವುದು ಮೂರನೆಯ ಕಾರಣದಲ್ಲಿ: ಹಾಡು ಇನ್ನೂ ಹಣ್ಣಾಗಿಲ್ಲ ಎಂದು ಬಿಡುವುದು. ಬೆಳದಿಂಗಳ ಹಾಡಿನ ವಿಷಯದಲ್ಲಿ ನಡೆದದ್ದು ಇದೇ ಎಂದು ನನ್ನ ತೀರ್ಮಾನ. ಇದು ಬರಿಯ ಊಹೆಯಲ್ಲ, ಕಿವಿಯ ಸಾಕ್ಷಿಯುಂಟು. 1966ರ ಆ ಎರಡು ಮುದ್ರಣಗಳು ಸುಮಾರು ನಲವತ್ತು ವರ್ಷಗಳ ಮೇಲೆ, ಮೊದಲ ತಟ್ಟೆಯ ಮರುಮುದ್ರಣದ ಜೊತೆಗೆ ಹೊರಬಂದವು. ಅಣ್ಣನ ಮಗ ಅವನ್ನೂ ಕೇಳಿಸಿದ. ಕೆಟ್ಟದಾಗಿಲ್ಲ. ಹದವಾದ ಕುಣಿತವಿದೆ, ಉತ್ಸಾಹವಿದೆ. ಆದರೆ ಆ ಹಾಡಿನ ಹೊಟ್ಟೆಯೊಳಗಿರುವುದು ಬೇರೆ. ನಲ್ಲ ನಲ್ಲೆಯನ್ನು ಬೆಳದಿಂಗಳಲ್ಲಿ ಕಡಲಿಗಿಳಿಯಲು ಕರೆಯುತ್ತಾನೆ. ಕರೆ ಮುಂದುವರಿದಂತೆ ಇದು ವಿಹಾರವಲ್ಲ, ಇಬ್ಬರೂ ಮರಳಿ ದಡ ಸೇರುವುದಿಲ್ಲ ಎಂಬ ಸುಳಿವು ಹತ್ತುತ್ತದೆ. ಮೊದಲ ಮುದ್ರಣದಲ್ಲಿ ನನಗೆ ಕೇಳಿದ್ದು ವಿಹಾರ ಮಾತ್ರ. ಸಾವು ಕೇಳಲಿಲ್ಲ.

ಎರಡನೆಯ ತಟ್ಟೆ 'ಸ್ಟ್ರೇಂಜ್ ಡೇಸ್', 1967ರ ಸೆಪ್ಟೆಂಬರಿನದು. ಅಷ್ಟರಲ್ಲಿ ಅದೇ ಸ್ಟುಡಿಯೋಕ್ಕೆ ಎಂಟು ಸಾಲಿನ ಯಂತ್ರ ಬಂದಿತ್ತು. ಹಾಡನ್ನು ಹೊಸದಾಗಿ ಹಾಡಿ, ಹೊಸದಾಗಿ ನುಡಿಸಿ ಮುದ್ರಿಸಿದರು. ಕ್ರೀಗರನ ಜಾರುವ ತಂತಿ ಈ ಸಲ ನೀರಿನೊಳಗಿಂದ ಯಾರೋ ಕೂಗಿದಂತಿದೆ. ಅದಕ್ಕಿಂತ ಮುಖ್ಯವಾದದ್ದು ಹಾಡಿಗೆ ಸಿಕ್ಕಿದ ನೆರೆ. ತಟ್ಟೆಯ ಮೊದಲ ಮುಖದ ಕೊನೆಯಲ್ಲಿ, 'ಹಾರ್ಸ್ ಲ್ಯಾಟಿಟ್ಯೂಡ್ಸ್' ಎಂಬ ತುಣುಕಿನ ಬೆನ್ನಿಗೇ ಇದನ್ನು ಇಟ್ಟರು. ಆ ತುಣುಕು ಹಾಡಲ್ಲ. ಮಾರಿಸನ್ ಶಾಲೆಯ ದಿನಗಳಲ್ಲಿ ಬರೆದ ಪದ್ಯ, ಗದ್ದಲದ ನಡುವೆ ಕೂಗಿ ಹೇಳಿದ್ದು. ವಸ್ತು ಇದು: ಹಿಂದೆ ಸ್ಪೇನಿನ ಹಡಗುಗಳು ಅಟ್ಲಾಂಟಿಕ್ ಸಾಗರದಲ್ಲಿ ಗಾಳಿ ಸತ್ತುಹೋದ ಕಡೆ ದಿನಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದವಂತೆ. ನೀರು ಮುಗಿಯುತ್ತ ಬಂದಾಗ, ಹಡಗನ್ನು ಹಗುರ ಮಾಡಲು, ಸಾಗಿಸುತ್ತಿದ್ದ ಕುದುರೆಗಳನ್ನು ಜೀವಂತವಾಗಿ ಕಡಲಿಗೆ ತಳ್ಳುತ್ತಿದ್ದರಂತೆ. ಆ ಕುದುರೆಗಳು ಕಾಲು ಬಡಿಯುತ್ತ ಮುಳುಗುವ ಚಿತ್ರ ಮುಗಿದ ಮರುಗಳಿಗೆಯಲ್ಲಿ 'ಬಾ, ಕಡಲಿಗಿಳಿಯೋಣ' ಎಂಬ ಕರೆ ಕೇಳಿದರೆ ಮೈ ಜುಂ ಎನ್ನದೆ ಇರುತ್ತದೆಯೆ? ಅದೇ ಹಾಡು, ಅದೇ ಮಾತು. ನೆರೆ ಬದಲಾದದ್ದರಿಂದ ಅರ್ಥಕ್ಕೆ ಬೇರೆಯ ಆಳ ಬಂತು.

ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ಗ್ರಂಥವನ್ನೇ ಬರೆದ. ಡಾಬನ್ನು ಕೊರಳಿಗೆ ಹಾಕಿಕೊಂಡು ಕಂಠೀಹಾರವನ್ನು ಸೊಂಟಕ್ಕೆ ಸುತ್ತಿಕೊಂಡರೆ ಜನ ನಗುತ್ತಾರೆ ಎಂಬುದು ಅವನ ವಾದದ ಸಾರ. ಚಿನ್ನದಲ್ಲಿ ದೋಷವಿಲ್ಲ; ಇಟ್ಟ ಜಾಗದಲ್ಲಿ ದೋಷ. ಇದನ್ನು ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡಿದ್ದೇನೆ, ಪ್ರತಿ ವರ್ಷವೂ ತರಗತಿ ನಗುತ್ತದೆ. ಆ ನಗುವಿನಲ್ಲಿ ನಾನೂ ಸೇರಿ, ಇದು ಅಲಂಕಾರಶಾಸ್ತ್ರದ ಮಾತಷ್ಟೆ ಎಂದುಕೊಂಡಿದ್ದೆ. ಬಿಟ್ಟವನ ಪಾಲಿಗೆ ಇದು ಎಷ್ಟು ಅನುಕೂಲವಾದ ಆಸರೆಯೆಂಬುದು ಹೊಳೆದದ್ದು ಈಚೆಗೆ.

ಏಕೆಂದರೆ ನಾಲ್ಕನೆಯ ಕಾರಣವೊಂದುಂಟು: ನಾಚಿಕೆ. ಹುಟ್ಟಿದ ಮನೆಯನ್ನು ತೋರಿಸಲು ನಾಚಿಕೆ, ನಮ್ಮನ್ನು ಈ ದಾರಿಗೆ ಹಚ್ಚಿದ ಮೊದಲ ಹಾಡಿನ ಒರಟುತನಕ್ಕೆ ನಾಚಿಕೆ. ನಾಚಿ ಬಿಟ್ಟವನೂ ಹೇಳುವುದು 'ಇನ್ನೂ ಹಣ್ಣಾಗಿಲ್ಲ, ಇಲ್ಲಿ ಉಚಿತವಲ್ಲ' ಎಂದೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಲಸ. ಪರಿವಿಡಿಯಲ್ಲಿ ಒಂದು ಸಾಲು ಕಡಿಮೆ, ಅಷ್ಟೆ. ಬಿಟ್ಟವನಿಗೇ ತಾನು ಯಾವ ಕಾರಣಕ್ಕೆ ಬಿಟ್ಟೆನೆಂಬುದು ತಿಳಿದಿರಬೇಕೆಂದಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಓದುಗರು ಕ್ಷಮಿಸಬೇಕು, ಡೋರ್ಸ್ ತಂಡದ ಪಕ್ಕದಲ್ಲಿ ಇದು ತೀರ ಸಣ್ಣದು.

ನಮ್ಮ ತಂದೆ ತೀರಿಕೊಂಡಾಗ ಅಣ್ಣನಿಗೆ ಹತ್ತೊಂಬತ್ತು, ನನಗೆ ಹತ್ತು. ಅಣ್ಣ ಕಾಲೇಜು ಬಿಟ್ಟು ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ತಂದೆಯ ಸೈಕಲ್ಲು ತುಳಿದುಕೊಂಡು ದಿನವೂ ಹತ್ತು ಕಿಲೋಮೀಟರು ಹೋಗಿ ಬರುತ್ತಿದ್ದ. ನಾನು ಎಂ.ಎ.ಗೆ ಮೈಸೂರಿಗೆ ಹೊರಟಾಗ ಹಾಸ್ಟೆಲಿಗೆ ಕಟ್ಟಲು ಹಣ ಸಾಲಲಿಲ್ಲ, ಸೈಕಲ್ಲು ಮಾರಿದ. ಎರಡು ವರ್ಷ ಸಿಕ್ಕಿದ ದಿನ ಬಸ್ಸು, ಸಿಗದ ದಿನ ನಡಿಗೆ. ಇದನ್ನು ಕುರಿತು ನಾನು ಹಾಸ್ಟೆಲಿನಲ್ಲಿ 'ಅಣ್ಣನ ಸೈಕಲ್ಲು' ಎಂಬ ಪ್ರಬಂಧ ಬರೆದೆ. ಅದರಲ್ಲಿ ಒಂದು ಪ್ರಸಂಗವಿತ್ತು. ನಾನು ಹುಡುಗನಾಗಿದ್ದಾಗ ಒಮ್ಮೆ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋಗಿದ್ದೆ. ಯಜಮಾನರು ಗಿರಾಕಿಗಳ ಮುಂದೆ ಅಣ್ಣನನ್ನು 'ಲೇ' ಎಂದು ಕರೆದು, ಲೆಕ್ಕದಲ್ಲಿ ಆಗದ ತಪ್ಪಿಗೆ ಬೈದರು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ನಾನು ಬುತ್ತಿಯ ಚೀಲ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ.

ನನ್ನ ಅಕ್ಷರ ಕೋಳಿ ಕೆದರಿದಂತೆ. ರಜಕ್ಕೆ ಬಂದಾಗ ಅಣ್ಣನೇ ರಾತ್ರಿ ಕೂತು ಲೆಕ್ಕದ ಪುಸ್ತಕದ ಗುಂಡನೆಯ ಅಕ್ಷರದಲ್ಲಿ ಆ ಪ್ರಬಂಧವನ್ನು ಪ್ರತಿ ಮಾಡಿದ. ತನ್ನನ್ನು 'ಲೇ' ಎಂದು ಕರೆದ ಸಾಲನ್ನೂ ತಾನೇ ಬರೆದ. ಒಂದು ಮಾತನ್ನೂ ಆಡಲಿಲ್ಲ. ತಾನೇ ಅಂಚೆಗೆ ಹಾಕಿದ. ಅದು ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ವಿಭಾಗದ ಅಧ್ಯಾಪಕರು ಓದಿ, "ನೀನು ಬರೆಯಬಲ್ಲೆಯಯ್ಯಾ" ಎಂದರು. ನಾನು ಬರೆಯುವವನಾದದ್ದು ಆ ಒಂದು ಮಾತಿನಿಂದ. ಆ ಮಾತು ಬಂದದ್ದು ಆ ಒಂದು ಬರೆಹದಿಂದ.

2011ರಲ್ಲಿ ನನ್ನ ಮೊದಲ ಪ್ರಬಂಧ ಸಂಕಲನ ಹೊರಬಂತು. ಹದಿನೆಂಟು ಪ್ರಬಂಧಗಳು. 'ಅಣ್ಣನ ಸೈಕಲ್ಲು' ಇರಲಿಲ್ಲ. ಕೇಳಿದವರಿಗೆ, ಅದು ಎಳಸು, ಭಾವಾವೇಶ ಹೆಚ್ಚು, ಉಳಿದವುಗಳ ಪಂಕ್ತಿಯಲ್ಲಿ ಕೂರುವುದಿಲ್ಲ ಎಂದೆ. ಮಾತು ಸುಳ್ಳಲ್ಲ. ಅದರ ಕೊನೆಯ ಪುಟದಲ್ಲಿ ಕಣ್ಣೀರು ಎಂಬ ಪದ ಐದು ಸಲ ಬರುತ್ತದೆ; ಎರಡು ಸಲ ಬಂದರೂ ಹೆಚ್ಚೇ. ಆದರೆ ಆಗ ನಾನು ಕಾಲೇಜಿನಲ್ಲಿ ಅಧ್ಯಾಪಕ, ಹೊಸದಾಗಿ ಮದುವೆಯಾದವನು. ಬಿಡುಗಡೆಯ ಸಭೆಗೆ ಹೆಂಡತಿಯ ತವರಿನವರು ಬರುವವರಿದ್ದರು. ಅವರಿಗೆ ನಾನು ಅಣ್ಣ ಜವಳಿ ವ್ಯಾಪಾರದಲ್ಲಿದ್ದಾನೆ ಎಂದು ಹೇಳಿದ್ದೆ. ಇದೂ ಅಕ್ಷರಶಃ ಸುಳ್ಳಲ್ಲ! ಇಪ್ಪತ್ತೆರಡರಲ್ಲಿ ಬರೆಯುವಾಗ ಇರದ ನಾಚಿಕೆ ಮೂವತ್ತಮೂರರಲ್ಲಿ ಎಲ್ಲಿಂದ ಬಂತೋ. ಸಂಬಳದ ಜೊತೆಗೆ ಬಂದಿರಬೇಕು.

ಪುಸ್ತಕದ ಮೊದಲ ಪ್ರತಿಯನ್ನು ಅಣ್ಣನ ಕೈಗಿತ್ತೆ. ಅವನು ಪರಿವಿಡಿಯ ಪುಟ ತೆರೆದು, ಲೆಕ್ಕ ನೋಡುವಂತೆ ಬೆರಳನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸಿದ. ಕೆಳಗೆ ತಲುಪಿದ ಬೆರಳು ಮತ್ತೆ ಮೇಲಕ್ಕೆ ಹೋಗಿ ಇನ್ನೊಂದು ಸಲ ಇಳಿಯಿತು. ಪುಸ್ತಕ ಮುಚ್ಚಿ, "ಕಾಗದ ಚೆನ್ನಾಗಿದೆ" ಎಂದ.

ಹದಿಮೂರು ಹದಿನಾಲ್ಕು ವರ್ಷವಾಯಿತು. ಆ ಮಾತಿಗೆ ಉತ್ತರ ಹುಡುಕುತ್ತ ನಾನು ಔಚಿತ್ಯವನ್ನು ಎಷ್ಟು ಸಲ ಶರಣು ಹೊಕ್ಕಿದ್ದೇನೋ! ಡೋರ್ಸ್ ತಂಡದ ಕಥೆ ಕೇಳಿದಾಗ ಮೊದಲು ಆದದ್ದು ಸಮಾಧಾನವೆಂದು ಒಪ್ಪಿಕೊಳ್ಳುತ್ತೇನೆ. ನೋಡು, ದೊಡ್ಡವರೂ ಬಿಟ್ಟಿದ್ದಾರೆ, ಕಲೆಗೆ ಕರುಣೆಯಿಲ್ಲ, ಋಣ ಬೇರೆ, ರಸ ಬೇರೆ. ಇದೇ ಧಾಟಿಯಲ್ಲಿ ಈ ಪ್ರಬಂಧವನ್ನು ಬರೆಯಲು ಹೊರಟವನು ನಾನು. ಆದರೆ ಆ ತಂಡದ ಕಥೆಯನ್ನು ಕೆದಕುತ್ತ ಹೋದಂತೆ ಸಮಾಧಾನ ಕರಗಿತು. ಅವರು ಹಾಡನ್ನು ತಟ್ಟೆಯಿಂದ ಬಿಟ್ಟರೇ ಹೊರತು ಬಾಯಿಂದ ಬಿಡಲಿಲ್ಲ. ಮೊದಲ ತಟ್ಟೆ ಬಂದು ಎರಡು ತಿಂಗಳಾಗಿತ್ತು, 1967ರ ಮಾರ್ಚ್. ಸ್ಯಾನ್ ಫ್ರಾನ್ಸಿಸ್ಕೋದ ಮೇಟ್ರಿಕ್ಸ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಅವರು ಹಾಡಿದ ಕಛೇರಿಗಳ ಮುದ್ರಣ ಇಂದಿಗೂ ಸಿಗುತ್ತದೆ. ತಟ್ಟೆಯಲ್ಲಿರುವ ಹಾಡುಗಳನ್ನು ಹಾಡಿ ತಟ್ಟೆ ಮಾರಿಕೊಳ್ಳಬೇಕಾದ ಹೊತ್ತಿನಲ್ಲಿ ತಟ್ಟೆಯಲ್ಲಿಲ್ಲದ ಈ ಹಾಡನ್ನೂ ಹಾಡಿದ್ದಾರೆ. ಸೆಪ್ಟೆಂಬರಿಗೆ ಅದು ಎರಡನೆಯ ತಟ್ಟೆಗೆ ಬಂತು. ವರ್ಷ ಮುಗಿಯುವುದರೊಳಗೆ ಒಂದು ಬಿಡಿ ಹಾಡಿನ ಬೆನ್ನಿಗೂ ಬಂತು. ಮರಳಿನ ಮೇಲೆ ಹುಟ್ಟಿದ್ದು ಮನೆ ಸೇರಲು ತೆಗೆದುಕೊಂಡದ್ದು ಎರಡು ವರ್ಷ ಚಿಲ್ಲರೆ. ಅಷ್ಟು ಕಾಲವೂ ಅವರ ಕೈ ಅದರ ಮೇಲೇ ಇತ್ತು.

ಮೊದಲ ತಟ್ಟೆ ಜಾತಕವಲ್ಲ, ಹುಟ್ಟಿನ ವಿವರವೆಲ್ಲ ಅದರಲ್ಲಿ ಇರಲೇಬೇಕೆಂದಿಲ್ಲ ಎಂದು ಈಗಲೂ ನಾನು ನಂಬುತ್ತೇನೆ. ಋಣ ತೀರಿಸಲೆಂದು ಎಳಸಾದದ್ದನ್ನು ಸಭೆಗೆ ತಂದು ನಿಲ್ಲಿಸುವುದು ಆ ಹಾಡಿಗೂ ಮಾಡುವ ಅವಮಾನವೇ. ನಮ್ಮ ತಾಯಿ ಮಾವಿನಕಾಯನ್ನು ಹುಲ್ಲಿನಲ್ಲಿ ಮುಚ್ಚಿಡುತ್ತಿದ್ದರು. ದಿನಕ್ಕೊಮ್ಮೆ ಹುಲ್ಲು ಸರಿಸಿ, ಒಂದೊಂದನ್ನೇ ಒತ್ತಿ, ಮೂಸಿ ನೋಡಿ ಮತ್ತೆ ಮುಚ್ಚುವರು. ನಾನೂ ಮುಚ್ಚಿಟ್ಟೆ. ಹುಲ್ಲು ಸರಿಸಿ ನೋಡಲು ಮಾತ್ರ ಒಂದು ದಿನವೂ ಹೋಗಲಿಲ್ಲ. ನನ್ನ ಎರಡನೆಯ ಸಂಕಲನ ಬಂತು, ಮೂರನೆಯದೂ ಬಂತು. ಪ್ರಬಂಧ ಎಳಸೆಂಬುದೇ ನಿಜವಾದ ಕಾರಣವಾಗಿದ್ದರೆ, ಐದು ಕಣ್ಣೀರಿನಲ್ಲಿ ಮೂರನ್ನು ಒರೆಸಲು ಅರ್ಧ ಗಂಟೆ ಸಾಕಿತ್ತು.

ಇಷ್ಟು ಬರೆದಿಟ್ಟು, ಕಳೆದ ಭಾನುವಾರ ಅಣ್ಣನ ಮನೆಗೆ ಹೋದೆ. ಆ ವಾರಪತ್ರಿಕೆ ನನ್ನ ಬಳಿ ಇರಲಿಲ್ಲ. ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು ಎಂದು ಹೇಳಿಕೊಂಡಿದ್ದೆ. ಸುತ್ತುಬಳಸು ಮಾತಾಡಿ, ಕಾಫಿ ಮುಗಿದ ಮೇಲೆ, "ಅಣ್ಣ, ಆ ಸೈಕಲ್ಲಿನ ಪ್ರಬಂಧ ಬಂದಿತ್ತಲ್ಲ, ಆ ಸಂಚಿಕೆ ಎಲ್ಲಾದರೂ ಇದೆಯೆ?" ಎಂದು ಕೇಳಿದೆ. ಅಣ್ಣ ಏಕೆಂದು ಕೇಳಲಿಲ್ಲ. ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು. ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಹಾಕುವ ಕಂದು ಕಾಗದದ ರಟ್ಟು ಹಾಕಿ, ಮೇಲೆ ತಾರೀಖು ಬರೆದು ಇಟ್ಟಿದ್ದ. ಹುಡುಗನೂ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದ. ಅವನಿಗೆ ಇದರ ಸುದ್ದಿಯೇ ಗೊತ್ತಿರಲಿಲ್ಲ.

ನಾನು ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ಪ್ಯಾರಾದಲ್ಲಿ ಸೈಕಲ್ಲಿನ ವರ್ಣನೆ ಬಂತು. ಹಸಿರು ಬಣ್ಣದ ಸೈಕಲ್ಲು ಎಂದು ಬರೆದಿದ್ದೆ.

"ಹಸಿರಲ್ಲ, ಕಪ್ಪು" ಎಂದ ಅಣ್ಣ.

"ಕಪ್ಪೇ? ಮತ್ತೆ ಪ್ರತಿ ಮಾಡುವಾಗ ಹೇಳಲಿಲ್ಲವಲ್ಲ?"

"ನೀನು ಬರೆದದ್ದು. ನಾನು ತಿದ್ದಬಾರದು ಅಂತ ಬಿಟ್ಟೆ."

ಜೇಬಿನಿಂದ ಪೆನ್ನು ತೆಗೆದೆ. "ಇನ್ನೇನೇನು ತಪ್ಪಿದೆ, ಹೇಳು" ಎಂದೆ. ಅಣ್ಣ ಕನ್ನಡಕ ಹಾಕಿಕೊಂಡು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.